ಆಟಿ ತಿಂಗಳ ಕಂಪ್ಯೂಟರು

ಕೆಸುವಿನ ಎಲೆಗೆ ಹಿಟ್ಟು ಸವರುವ ಕೆಲಸವನ್ನು ನಡುವೆ ಬಿಟ್ಟು ಏಳುವ ಹಾಗಿಲ್ಲ. ಹಿಟ್ಟು ನೀರೊಡೆಯುತ್ತದೆ, ಎಲೆ ಸುರುಳಿಗೆ ಬಗ್ಗುವುದಿಲ್ಲ. ಆ ಬೆಳಿಗ್ಗೆ ಪತ್ರೊಡೆಗೆಂದು ಎಲೆಯ ಮೇಲೆ ಎಲೆ ಹಾಸಿ ಸವರುತ್ತಿದ್ದಾಗ ಹೊರಗಿನ ಕೋಣೆಯಿಂದ ನನ್ನ ನಾದಿನಿ ಹರಿಣಾಕ್ಷಿ ಕೂಗಿದಳು.

“ಅತ್ತಿಗೇ, ಒಮ್ಮೆ ಬನ್ನಿ!”

“ಕೈಯೆಲ್ಲ ಹಿಟ್ಟು ಮಾರಾಯ್ತಿ. ಎಂತ ಆಯ್ತು?”

“ಇದು ಏಳುದಿಲ್ಲ.”

ಎರಡೂ ಕೈಗಳನ್ನು ಮೇಲೆತ್ತಿಕೊಂಡೇ ಹೋದೆ. ಕೋಣೆಯ ಒಂದು ಬದಿಯಲ್ಲಿ ಮಾವ ಟೈಪಿಂಗ್ ಕಲಿಸುವ ಟೈಪ್‌ರೈಟರುಗಳು ಸಾಲಾಗಿ ಕೂತಿದ್ದವು. ಇನ್ನೊಂದು ಬದಿಯಲ್ಲಿ, ಕಿಟಕಿಯ ಕೆಳಗೆ, ಕಂಪ್ಯೂಟರು. ಅದರ ಒಳಗೆ ಫ್ಯಾನು ತಿರುಗುವ ಸದ್ದು ಬರುತ್ತಿತ್ತು. ಪರದೆಯ ಮೇಲೆ ಹಸಿರು ಅಕ್ಷರಗಳ ಒಂದು ಸಾಲು ನಿಂತಿತ್ತು.

“ಜೀವ ಉಂಟಲ್ಲ,” ಎಂದೆ.

“ಸದ್ದು ಮಾತ್ರ ಅತ್ತಿಗೆ. ಫ್ಲಾಪಿ ಹಾಕು ಅಂತ ಬರೆದುಕೊಂಡು ಕೂತಿದೆ. ಫ್ಲಾಪಿ ಹಾಕಿಯೇ ಉಂಟು. ಹಾಕಿದ್ದನ್ನೇ ಹಾಕು ಅಂದರೆ ನಾನೆಂತ ಮಾಡುದು?”

ಆ ಕಂಪ್ಯೂಟರಿಗೆ ತನ್ನದೆಂಬ ನೆನಪು ಇರಲಿಲ್ಲ. ಪ್ರತಿಸಲ ಎಬ್ಬಿಸುವಾಗಲೂ ಕಪ್ಪು ರಟ್ಟಿನಂತಹ ಒಂದು ಫ್ಲಾಪಿಯನ್ನು ಅದರ ಬಾಯಿಗೆ ಕೊಡಬೇಕು. ಅದನ್ನು ಓದಿಕೊಂಡ ಮೇಲೆಯೇ ಅದಕ್ಕೆ ತಾನು ಯಾರು, ಏನು ಮಾಡಬೇಕು ಎಂದು ತಿಳಿಯುವುದು. ಹರಿಣಾಕ್ಷಿ ಮಂಗಳೂರಿನಲ್ಲಿ ಕೋರ್ಸು ಮುಗಿಸಿ ಬಂದು ಇದನ್ನು ನನಗೆ ಹೇಳಿಕೊಟ್ಟಿದ್ದಳು. ಹಿಂದಿನ ಸಂಜೆ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಗಿತ್ತು. ಬೆಳಿಗ್ಗೆ ಬಂದಿತ್ತು. ಕಂಪ್ಯೂಟರು ಮಾತ್ರ ಬಂದಿರಲಿಲ್ಲ.

“ಸೈನಬ ಹತ್ತು ಗಂಟೆಗೆ ಬರ್ತಾಳೆ,” ಎಂದಳು ಹರಿಣಾಕ್ಷಿ. ಅವಳ ದನಿ ಸಣ್ಣದಾಗಿತ್ತು.

ಸೈನಬ ತೋಡಾರಿನ ಅಬ್ದುಲ್ ನಾಸಿರರ ಮಗಳು. ಕಂಪ್ಯೂಟರು ನಾಸಿರರದ್ದೇ. ಬಂಟ್ವಾಳದ ತಮ್ಮ ಅಂಗಡಿಯ ಲೆಕ್ಕಕ್ಕೆಂದು ಅವರು ಗಲ್ಫಿನಿಂದ ತಂದಿದ್ದರು. ಅಂಗಡಿಯವರು ಅದನ್ನು ಮುಟ್ಟಲು ಹೆದರಿ ಮೇಲೆ ಬಟ್ಟೆ ಹೊದೆಸಿಟ್ಟರು. ಕೊನೆಗೆ ನಾಸಿರರು ನಮ್ಮ ಮನೆಗೆ ಬಂದು ಮಾವನಲ್ಲಿ, “ನೋಣಯ್ಯ ಮಾಸ್ಟ್ರೇ, ನನ್ನಲ್ಲಿ ಅದು ಇಲಿಗೆ ಮನೆ ಆಗ್ತದೆ. ನಿಮ್ಮ ಮಗಳು ಇಟ್ಟುಕೊಳ್ಳಲಿ. ನನ್ನ ಸೈನಬನಿಗೆ ಕಲಿಸಲಿ, ಊರಿನ ಮಕ್ಕಳಿಗೂ ಕಲಿಸಲಿ. ಇವಳನ್ನು ದಿನಾ ಮಂಗಳೂರಿಗೆ ಕಳಿಸ್ಲಿಕ್ಕೆ ಇವಳ ತಾಯಿಗೆ ಮನಸ್ಸಿಲ್ಲ,” ಎಂದಿದ್ದರು. ಎಂಬತ್ತೆಂಟನೆಯ ಇಸವಿ. ಮೂಡುಬಿದಿರೆಯಲ್ಲಿ ಆಗ ಕಂಪ್ಯೂಟರು ಕಲಿಸುವ ಜಾಗ ಬೇರೆ ಇರಲಿಲ್ಲ.

ಮಾವ ಒಳಗಿನಿಂದ ಬಂದರು. ಹಲ್ಲುಜ್ಜಿ ಮುಖ ಒರೆಸಿಕೊಳ್ಳುತ್ತಿದ್ದರು. ಪರದೆಯನ್ನು ನೋಡಿದರು, ಮಗಳನ್ನು ನೋಡಿದರು, ತಮ್ಮ ಹಳೆಯ ಟೈಪ್‌ರೈಟರಿನ ಮೇಲಿನ ಮುಸುಕು ತೆಗೆದು ಒಂದು ಕೀಲಿ ಒತ್ತಿದರು. ಟಕ್ ಎಂದಿತು.

“ಇದಕ್ಕೆ ಕರೆಂಟ್ ಬೇಡ,” ಎಂದರು.

“ಅಪ್ಪ, ಈಗ ಬೇಡ,” ಎಂದಳು ಅವಳು.

“ನಾನು ಎಂತ ಹೇಳಿದೆ? ಕರೆಂಟ್ ಬೇಡ ಅಂತ ಹೇಳಿದೆ ಅಷ್ಟೆ.”

ಅವರು ಅಷ್ಟೇ ಹೇಳಿದ್ದರೂ ಆ ಮಾತಿನ ಹಿಂದೆ ಇದ್ದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಹಿಂದಿನ ತಿಂಗಳು ಬೆಳ್ತಂಗಡಿಯಿಂದ ಮಾವನ ದಾಯಾದಿ ಸಂಕಪ್ಪಣ್ಣ ಚಾರ್ಮಾಡಿಯ ಧರ್ಣಪ್ಪ ಎಂಬ ಹುಡುಗನನ್ನು ಹೆಣ್ಣು ನೋಡಲೆಂದು ಊಟದ ನೆಪದಲ್ಲಿ ಕರೆದುಕೊಂಡು ಬಂದಿದ್ದರು. ಒಳ್ಳೆಯ ಮನೆತನ, ರಬ್ಬರು ಹಾಕಿದ್ದಾರೆ, ಒಬ್ಬನೇ ಮಗ. ಹುಡುಗ ಊಟ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಕೈ ತೊಳೆದ ಧರ್ಣಪ್ಪ ಆರಿದ ಕಂಪ್ಯೂಟರಿನ ಮುಂದೆ ಹೋಗಿ ನಿಂತು, “ಇದರಲ್ಲಿ ಬರೆದದ್ದು ಈಗ ಎಲ್ಲಿಗೆ ಹೋಯ್ತು?” ಎಂದು ಕೇಳಿದರಂತೆ. ಹರಿಣಾಕ್ಷಿ ಹೇಳುತ್ತಾ ಹೋದಳಂತೆ, ಕೊಟ್ಟ ಕಾಫಿ ಇಬ್ಬರದ್ದೂ ತಣ್ಣಗಾಯಿತಂತೆ. ಇದನ್ನು ನನಗೆ ಹೇಳಿದ್ದು ನನ್ನ ಮಗಳು ವನಿತಾ. ನಾಲ್ಕನೆಯ ಕ್ಲಾಸಿನ ಹುಡುಗಿ, ಹರಿಣಾಕ್ಷಿಯ ಸೆರಗು ಬಿಟ್ಟವಳಲ್ಲ. ನಾನು ಆಗ ಅಡಿಗೆಮನೆಯಲ್ಲಿ ಎಲೆ ತೆಗೆಯುತ್ತಿದ್ದೆ. ಬಂದವರು ಮರ್ಯಾದೆಗೆ ಕೇಳಿದ್ದು ಅಂದುಕೊಂಡೆ.

ಅವರು ಹೋದ ಮೇಲೆ ಮಾವ ಮಗಳನ್ನು ಕೇಳಿದರು, “ಎಂತ ಹೇಳುವ ಸಂಕಪ್ಪನಿಗೆ?”

“ನನಗೆ ತರಗತಿ ನಡೆಸ್ಬೇಕು ಅಪ್ಪ.”

“ಅಂದರೆ ಬೇಡ ಅಂತಲಾ?”

“ತರಗತಿ ನಡೆಸ್ಬೇಕು ಅಂತ.”

ಮಾವ ತೀರ್ಮಾನ ಹೇಳಿದರು. ಮಳೆಗಾಲದ ನಡುವಿನ ಆಟಿ ತಿಂಗಳು ಎದುರಿಗಿತ್ತು. ಆಟಿಯಲ್ಲಿ ನಮ್ಮ ಕಡೆ ಮದುವೆಯ ಮಾತು ಯಾರೂ ಎತ್ತುವುದಿಲ್ಲ. “ಆಟಿ ಮುಗಿಯುವವರೆಗೆ ನಿನ್ನ ಸಮಯ. ಅಷ್ಟರಲ್ಲಿ ಆ ಪೆಟ್ಟಿಗೆ ಸರಿಯಾಗಿ ಓಡಿ, ತರಗತಿ ಅಂತ ಒಂದು ಆದರೆ ನಾನು ಬಾಯಿ ತೆರೆಯುದಿಲ್ಲ. ಆಗದಿದ್ದರೆ ಸೋಣ ತಿಂಗಳು ಹುಟ್ಟಿದ ಕೂಡಲೆ ಚಾರ್ಮಾಡಿಯವರು ಬರಲಿ.”

ಈಗ ಆಟಿಯ ಮೊದಲ ವಾರದಲ್ಲೇ ಪೆಟ್ಟಿಗೆ ಮಲಗಿತ್ತು.

ನನ್ನ ಗಂಡ ಲೋಕನಾಥ ಸಹಕಾರಿ ಸಂಘದಲ್ಲಿ ಗುಮಾಸ್ತರು. ಮಧ್ಯಾಹ್ನ ಊಟಕ್ಕೆ ಬಂದವರು ಅಂಗಿಯ ತೋಳು ಮಡಚಿ, ಪ್ಲಗ್ಗು ಬಿಚ್ಚಿದರು, ಫ್ಯೂಸು ನೋಡಿದರು, ಮೇಜಿನ ಕೆಳಗಿನ ಸ್ಟೆಬಿಲೈಸರಿಗೆ ಕಿವಿ ಕೊಟ್ಟರು. ಅದು ಎಂದಿನಂತೆ ಗುಂಯ್ ಎನ್ನುತ್ತಿತ್ತು. ಕರೆಂಟ್ ಏರಿಳಿದರೆ ಪೆಟ್ಟು ಮೊದಲು ಅದಕ್ಕೆ ಬೀಳಲಿ ಎಂದು ಅದನ್ನು ಯಾವತ್ತೂ ಆರಿಸುತ್ತಿರಲಿಲ್ಲ.

“ಕರೆಂಟ್ ಸರಿ ಉಂಟು,” ಎಂದರು.

“ಕರೆಂಟ್ ಸರಿ ಉಂಟು ಅಂತ ಲೈಟು ಉರಿಯುವಾಗ ನನಗೂ ಗೊತ್ತಾಗ್ತದೆ ಅಣ್ಣ.”

“ಹಾಗಾದರೆ ನೀನೇ ನೋಡು. ಕಲಿತವಳು ನೀನು.”

“ಸರಿ ಮಾಡ್ಲಿಕ್ಕೆ ಕಲಿಸಿಲ್ಲ, ನಡೆಸ್ಲಿಕ್ಕೆ ಕಲಿಸಿದ್ದು.”

“ಅನ್ನ ತಣಿತದೆ,” ಎಂದರು ಅತ್ತೆ, ಸೇಸಮ್ಮ. ಅತ್ತೆಯ ಮಾತಿಗೆ ಎಲ್ಲರೂ ಎದ್ದು ಬಂದರು.

ಹಲಸಿನ ಬೀಜದ ಸಾರು, ತಿಮರೆ ಎನ್ನುವ ಒಂದೆಲಗದ ಚಟ್ನಿ. ಸಾರು ಬಡಿಸುತ್ತಿದ್ದಾಗ ವನಿತಾ, “ಅಜ್ಜಾ, ಹರಿಣತ್ತೆ…” ಎಂದು ಶುರು ಮಾಡಿದಳು.

“ಉಣ್ಣುವಾಗ ಮಾತು ಬೇಡ,” ಎಂದರು ಮಾವ. ಅವಳು ಬಾಯಿ ಮುಚ್ಚಿ ಚಟ್ನಿ ನೆಕ್ಕಿದಳು.

ಹರಿಣಾಕ್ಷಿಯ ಹತ್ತಿರ ಅದೇ ಫ್ಲಾಪಿಯ ಇನ್ನೊಂದು ಪ್ರತಿ ಇತ್ತು. ಊಟ ಮಾಡಿ ಅದನ್ನು ಹಾಕಿದಳು. ಕಂಪ್ಯೂಟರು ಎದ್ದಿತು! ಬೆಳಿಗ್ಗೆಯಿಂದ ಕಾದು ಕೂತಿದ್ದ ಸೈನಬ ಚಪ್ಪಾಳೆ ತಟ್ಟಿದಳು, ವನಿತಾ ಕುಣಿದಳು. ಎರಡು ಮೂರು ದಿನ ಪಾಠ ನಡೆಯಿತು. ಆಮೇಲೆ ಪುನಃ ಒಂದು ಸಂಜೆ ಕರೆಂಟ್ ಹೋಯಿತು. ಮರುದಿನ ಅದೇ ಹಸಿರು ಸಾಲು, ಅದೇ ಫ್ಯಾನಿನ ಸದ್ದು.

“ಕರೆಂಟ್ ಹೋದಾಗೆಲ್ಲ ಇದು ಕೂಡ ಹೋಗ್ತದೆ,” ಎಂದಳು ಹರಿಣಾಕ್ಷಿ. “ಹೋಗುವಾಗ ಎಂತದ್ದೋ ಪೆಟ್ಟು ಬೀಳ್ತದೆ.”

ಪೇಟೆಯ ರೇಡಿಯೋ ರಿಪೇರಿಯವರನ್ನು ಕರೆಸಿದೆವು. ಅವರು ಮುಚ್ಚಳ ಬಿಚ್ಚಿ ಒಳಗೆ ಇಣುಕಿ ನೋಡಿದರು, ಉಫ್ ಎಂದು ಧೂಳು ಊದಿದರು, ಮುಚ್ಚಳ ಹಾಕಿದರು, ಚಾ ಕುಡಿದರು. “ಚಂದ ಉಂಟು ಒಳಗೆ,” ಎಂದು ಹೇಳಿ ಹೋದರು. ಆ ಮಾತು ನಮ್ಮ ಮನೆಯಲ್ಲಿ ಬಹಳ ದಿನ ಉಳಿಯಿತು. ಉಪ್ಪು ಜಾಸ್ತಿಯಾದ ಪಲ್ಯವನ್ನೂ ನನ್ನ ಗಂಡ “ಚಂದ ಉಂಟು ಒಳಗೆ” ಎನ್ನುತ್ತಿದ್ದರು.

ಹರಿಣಾಕ್ಷಿ ಬಸ್ಸು ಹತ್ತಿ ಮಂಗಳೂರಿಗೆ ಹೋದಳು. ತಾನು ಕಲಿತಲ್ಲಿ ಕೇಳಿ ಹೊಸ ಫ್ಲಾಪಿ ಮಾಡಿಸಿಕೊಂಡು ಸಂಜೆ ನೆನೆದು ಬಂದಳು. “ಕರೆಂಟ್ ಹೋದ ಕೂಡಲೆ ಫ್ಲಾಪಿ ತೆಗೆದು ಹೊರಗೆ ಇಡಿ, ಬಂದಾಗ ಏರಿಳಿತಕ್ಕೆ ಹಾಳಾಗ್ತದೆ ಅಂತ ಹೇಳಿದ್ರು. ನಾನು ಹಾಗೆಯೇ ಮಾಡ್ತಾ ಇದ್ದೇನಲ್ಲ ಅತ್ತಿಗೆ? ಪ್ರತಿಸಲ ತೆಗೆದು ಮೇಜಿನ ಮೇಲೆ ಇಡ್ತೇನೆ.”

ಹೊಸ ಫ್ಲಾಪಿ ಒಂದು ವಾರ ನಡೆಯಿತು. ಟೈಪಿಂಗ್ ಕಲಿಯಲು ಬರುತ್ತಿದ್ದ ಇಬ್ಬರು ಹುಡುಗಿಯರು ಅತ್ತ ಕಣ್ಣು ಹಾಯಿಸತೊಡಗಿದರು. “ಮಾಸ್ಟ್ರೇ, ನಾವೂ ಒಂದು ಗಂಟೆ ಅಲ್ಲಿ ಕೂತ್ಕೊಳ್ಳಬಹುದಾ?” ಎಂದು ಮಾವನನ್ನೇ ಕೇಳಿದರು. ಮಾವ, “ಕೂತ್ಕೊಳ್ಳಿ. ಕಣ್ಣು ಹಾಳಾದರೆ ನನ್ನಲ್ಲಿ ಹೇಳ್ಬೇಡಿ,” ಎಂದರು. ಬೇಸರ ಇದ್ದರೂ ತಡೆಯಲಿಲ್ಲ. ಆದರೆ ಆ ಹುಡುಗಿಯರು ಬರಬೇಕಿದ್ದ ದಿನದ ಹಿಂದಿನ ಸಂಜೆ ಕರೆಂಟ್ ಹೋಯಿತು, ಬೆಳಿಗ್ಗೆ ಕಂಪ್ಯೂಟರು ಏಳಲಿಲ್ಲ. ಹುಡುಗಿಯರು ಕೂತು ನೋಡಿ ಎದ್ದು ಟೈಪ್‌ರೈಟರಿನ ಹತ್ತಿರ ಹೋದರು. ಹರಿಣಾಕ್ಷಿ ಮುಸುಕು ಹಾಕಿ ಅಡಿಗೆಮನೆಗೆ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ನಾನು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದೆ. ಅವಳೂ ಕೈ ಹಾಕಿದಳು. ವನಿತಾ ನಮ್ಮಿಬ್ಬರ ನಡುವೆ ಕೂತು ಸಿಪ್ಪೆಗಳಲ್ಲಿ ಮನೆ ಕಟ್ಟುತ್ತಿದ್ದಳು.

ಸುಮಾರು ಹೊತ್ತಿನ ಮೇಲೆ ಹರಿಣಾಕ್ಷಿ ಕೇಳಿದಳು, “ಅತ್ತಿಗೆ, ಚಾರ್ಮಾಡಿಯಲ್ಲಿ ಕರೆಂಟ್ ಹೇಗೆ? ಇಲ್ಲಿನ ಹಾಗೆಯೇ ಹೋಗ್ತದಾ?”

ಅವಳು ಸೋತು, ಅಲ್ಲಿಗೆ ಹೋಗಲು ಮನಸ್ಸಿನಲ್ಲೇ ಗಂಟು ಕಟ್ಟುತ್ತಿದ್ದಾಳೆ ಎಂದು ನನಗೆ ಅನಿಸಿತು. “ನೀನು ಅದನ್ನೆಲ್ಲ ಯೋಚಿಸ್ಬೇಡ. ಇನ್ನೂ ಅರ್ಧ ಆಟಿ ಉಂಟು. ನಿನ್ನನ್ನು ಹೇಗಾದರೂ ಅಲ್ಲಿಗೆ ಕಳಿಸದ ಹಾಗೆ ಮಾಡುವ,” ಎಂದೆ.

ಅವಳು ನನ್ನನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಬೀಜ ಕೈಯಿಂದ ಜಾರಿ ಒಲೆಯ ಬುಡಕ್ಕೆ ಹೋಯಿತು. ಅದನ್ನು ಹುಡುಕುವುದರಲ್ಲಿ ಮಾತು ಮುಗಿಯಿತು.

ಮರುದಿನ ಶಾಲೆಗೆ ಹೊರಡಿಸುವಾಗ, ಜಡೆ ಹೆಣೆಯುತ್ತಿದ್ದಂತೆ ವನಿತಾ ಹೇಳಿದಳು, “ಅಮ್ಮ, ಒಂದು ಕೇಳುದಾ?”

“ಕೇಳು.”

“ಹರಿಣತ್ತೆಯ ವಿಷಯ.”

“ದೊಡ್ಡವರ ವಿಷಯ ನಿನಗೆ ಯಾಕೆ? ತಲೆ ಅಲ್ಲಾಡಿಸ್ಬೇಡ. ಗಂಟೆ ಹೊಡೀತದೆ ಈಗ.”

ರಿಬ್ಬನ್ ಬಿಗಿದು ಕಳಿಸಿದೆ. ಸೊಸೆಯ ಕೆಲಸ, ತಾಯಿಯ ಕೆಲಸ, ಒಲೆಯ ಮೇಲೆ ಗಂಜಿ. ಒಂದೊಂದು ಸಲ ಮಕ್ಕಳ ಮಾತಿಗೆ ಬೆಳಗಿನಲ್ಲಿ ಜಾಗವೇ ಇರುವುದಿಲ್ಲ.

ಆ ವಾರದ ಒಂದು ಜಗಳ ಹೇಳಲೇಬೇಕು. ಮಾವ ಊಟಕ್ಕೆ ಕೂತು, “ನಾಸಿರರ ಸೊತ್ತು ಅವರಿಗೆ ಹಿಂದೆ ಕೊಡುವ. ಹಾಳು ಮಾಡಿದರು ಅಂತ ಬರುವುದು ಬೇಡ,” ಎಂದರು.

“ಆಟಿ ಮುಗಿದಿಲ್ಲ ಅಪ್ಪ.”

“ಮುಗಿದರೆ ಮಳೆ ನಿಲ್ತದಾ? ಕರೆಂಟ್ ಹೋಗುದು ನಿಲ್ತದಾ?”

“ನೀವು ಅದು ಓಡಬಾರದು ಅಂತಲೇ ಇದ್ದೀರಿ.”

“ಹೌದಾ? ನಾನಾ ಹಾಗೆ ಇದ್ದದ್ದು?” ಮಾವನ ದನಿ ಏರಿತು. “ಮೂವತ್ತು ವರ್ಷ ತಾಲೂಕು ಆಫೀಸಿನಲ್ಲಿ ಕುಟ್ಟಿದ ಕೈ ಇದು. ನಿನ್ನನ್ನು ಮಂಗಳೂರಿಗೆ ಕಲಿಯಲಿಕ್ಕೆ ಕಳಿಸಿದ್ದು ಯಾರು? ಬಸ್ ಸ್ಟ್ಯಾಂಡಿಗೆ ಬಂದು ಕೊಡೆ ಹಿಡಿದದ್ದು ಯಾರು?”

ಹರಿಣಾಕ್ಷಿ ತಲೆ ತಗ್ಗಿಸಿದಳು. ಕೊಡೆ ಹಿಡಿದದ್ದು ಮಾವನೇ. ನನ್ನ ಗಂಡ ಮಜ್ಜಿಗೆಯ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದರು. ಅತ್ತೆ, “ಅನ್ನದ ಎದುರು ಇಬ್ಬರೂ ಸುಮ್ಮನಿರಿ. ಅವಳ ಪೆಟ್ಟಿಗೆ ಇವತ್ತಲ್ಲ ನಾಳೆ ಏಳ್ತದೆ. ನಾನು ನೋಡ್ತೇನೆ,” ಎಂದರು.

“ನೀನು ನೋಡುದಾ!” ಎಂದು ಮಾವ ನಕ್ಕುಬಿಟ್ಟರು. ಜಗಳ ಅಲ್ಲಿಗೆ ನಿಂತಿತು.

ಅತ್ತೆಯ ನೋಡುವಿಕೆ ಏನೆಂದು ತಿಳಿದದ್ದು ಆಟಿ ಅಮಾವಾಸ್ಯೆಯ ದಿನ. ಆ ದಿನ ಸೂರ್ಯ ಹುಟ್ಟುವ ಮೊದಲೇ ಮಾವ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದಿದ್ದರು. ಅದರ ಕಷಾಯವನ್ನು ಎಲ್ಲರೂ ಬರಿಹೊಟ್ಟೆಯಲ್ಲಿ ಕುಡಿದೆವು. ವನಿತಾ ಕಹಿಗೆ ಮುಖ ಹಿಂಡಿ ನನ್ನ ಸೀರೆಯಲ್ಲೇ ಬಾಯಿ ಒರೆಸಿಕೊಂಡಳು. ಅತ್ತೆಗೆ ಹಿಂದಿನ ದಿನದಿಂದ ಶೀತ, ಮೈ ಬಿಸಿ. ಕಷಾಯ ಕುಡಿದು ಮಲಗಿದರು. ಹೊರಗಿನ ಕೋಣೆಯನ್ನು ಬೆಳಿಗ್ಗೆ ಗುಡಿಸುವುದು ಯಾವತ್ತೂ ಅವರೇ. ಆ ದಿನ ಪೊರಕೆ ನಾನು ಹಿಡಿದೆ.

ಮೇಜಿನ ಕೆಳಗೆ ಸ್ಟೆಬಿಲೈಸರಿನ ಮೇಲೆ ಮಡಚಿದ ಹಳೆಯ ಪಂಚೆ ಇತ್ತು. ಕೈ ಇಟ್ಟರೆ ಬೆಚ್ಚಗೆ. ಎತ್ತಿ ನೋಡಿದೆ. ಬೆಂಕಿಪೆಟ್ಟಿಗೆ, ಹಪ್ಪಳದ ಕಟ್ಟು, ವನಿತಾಳ ಒದ್ದೆಯಾದ ಕಾಪಿ ಪುಸ್ತಕ. ಎಲ್ಲದರ ಅಡಿಯಲ್ಲಿ, ಲಕೋಟೆಯ ಸಮೇತ, ಹರಿಣಾಕ್ಷಿಯ ಫ್ಲಾಪಿ.

ಮಳೆಗಾಲದಲ್ಲಿ ಅತ್ತೆಯ ಯುದ್ಧವೆಲ್ಲ ಬೂಷ್ಟಿನ ಮೇಲೆ. ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟದ ಚೌಕಟ್ಟಿಗೆ, ಎಲ್ಲಕ್ಕೂ ಅದು ಹಿಡಿಯುತ್ತದೆ. ಉಪ್ಪು, ಬೆಂಕಿಕಡ್ಡಿ, ಹಪ್ಪಳ ಒಲೆಯ ಮೇಲಿನ ಅಟ್ಟದಲ್ಲಿ ಇರುವುದು ಅದಕ್ಕೇ. ಈಗ ಇಡೀ ಆಟಿ ತಿಂಗಳು ಬೆಚ್ಚಗಿರುವ ಇನ್ನೊಂದು ಜಾಗ ಮನೆಯಲ್ಲಿ ಅವರಿಗೆ ಸಿಕ್ಕಿತ್ತು.

ನಾನು ಹರಿಣಾಕ್ಷಿಯನ್ನು ಕರೆದೆ. ಅವಳು ನೋಡಿದಳು. “ಅಮ್ಮ ಇಟ್ಟದ್ದಾ?”

“ಮತ್ಯಾರು?”

“ದಿನಾ ಇಡ್ತಿದ್ದಾಳಾ?”

ವನಿತಾ ಬಾಗಿಲಿನಿಂದ ಹೇಳಿದಳು, “ದಿನಾ ಅಲ್ಲ. ಮಿಷನ್ನಿನ ಒಳಗಿದ್ದರೆ ಅಜ್ಜಿ ಮುಟ್ಟುದಿಲ್ಲ, ಹೆದರ್ತಾರೆ. ಮೇಜಿನ ಮೇಲೆ ಇದ್ದರೆ ಮಾತ್ರ ರಾತ್ರಿಗೆ ಬೆಚ್ಚಗೆ ಇಡುದು. ಬೆಳಿಗ್ಗೆ ಗುಡಿಸುವಾಗ ಪುನಃ ಮೇಜಿನ ಮೇಲೆ ಇಡುದು.”

ಹರಿಣಾಕ್ಷಿ ಹಾಗೆಯೇ ನೆಲದ ಮೇಲೆ ಕೂತಳು. ಬಾಯಲ್ಲೇ ಹಿಂದೆ ಹಿಂದೆ ಹೋದಳು. “ಮೇಜಿನ ಮೇಲೆ ಇರುವುದು ಕರೆಂಟ್ ಹೋದ ದಿನ ಮಾತ್ರ. ಬೇರೆ ದಿನ ಒಳಗೇ ಬಿಡ್ತೇನೆ. ಕರೆಂಟ್ ಹೋದ ದಿನ ತೆಗೆದು ಮೇಜಿನ ಮೇಲೆ…” ಲಕೋಟೆಯ ಹಿಂಬದಿಯನ್ನು ತಿರುಗಿಸಿದಳು. ಅಲ್ಲಿ ಸಣ್ಣ ಸಣ್ಣ ಚಿತ್ರಗಳಿದ್ದವು. ಮಡಚಬೇಡಿ, ಬೆರಳಿಡಬೇಡಿ ಎಂಬಂತೆ. ಒಂದರಲ್ಲಿ ಲಾಳದಂತಹ ಆಕಾರಕ್ಕೆ ಅಡ್ಡಗೀಟು. “ಇದು ಅಯಸ್ಕಾಂತ ಅತ್ತಿಗೆ. ಹತ್ತಿರ ಇಡಬೇಡಿ ಅಂತ. ನಾನು ನಮ್ಮ ಮನೆಯಲ್ಲಿ ಅಯಸ್ಕಾಂತ ಎಲ್ಲಿ ಉಂಟು ಅಂತ ಬಿಟ್ಟುಬಿಟ್ಟೆ.”

ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನನ್ನು ತೆಗೆದು ಬಿಡಿಸಿ, ಅದರ ತುದಿಯನ್ನು ಗುಂಯ್ ಎನ್ನುವ ಸ್ಟೆಬಿಲೈಸರಿನ ಮೇಲೆ ಹಗುರವಾಗಿ ಹಿಡಿದಳು. ನನ್ನ ಬೆರಳನ್ನೂ ಎಳೆದು ಮುಟ್ಟಿಸಿದಳು. ಪಿನ್ನು ಬೆರಳಲ್ಲಿ ಜೀರುಂಡೆಯ ಹಾಗೆ ನಡುಗುತ್ತಿತ್ತು.

“ಅಯ್ಯೋ!” ಎಂದೆ.

“ಅದರ ಒಳಗೆ ಇಡೀ ತಂತಿಯ ಸುರುಳಿ. ಕರೆಂಟ್ ಓಡುವಾಗ ಅದೇ ಅಯಸ್ಕಾಂತ. ಫ್ಲಾಪಿಯಲ್ಲಿ ಬರೆದದ್ದನ್ನೆಲ್ಲ ಒರೆಸಿ ಹಾಕಿದೆ. ಕರೆಂಟ್ ಅಲ್ಲ, ಪೆಟ್ಟು ಅಲ್ಲ, ಏನೂ ಅಲ್ಲ.” ಅವಳು ನಗಲು ಶುರು ಮಾಡಿದಳು. ನಗು ಯಾವಾಗ ಅಳುವಾಯಿತು ಎಂದು ನನಗೆ ಗೊತ್ತಾಗಲಿಲ್ಲ. ವನಿತಾ ಓಡಿ ಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು. “ಅತ್ತಿಗೆ, ಅಮ್ಮನಿಗೆ ಹೇಳ್ಬೇಡಿ. ನನಗೆ ಒಳ್ಳೇದಾಗಲಿ ಅಂತ ಮಾಡಿದ್ದು. ಗೊತ್ತಾದರೆ ಸತ್ತೇ ಹೋಗ್ತಾಳೆ.”

ಕಷಾಯದ ಮೇಲೆ ಕುಡಿಯುವ ಮೆಂತೆಯ ಗಂಜಿಯನ್ನು ಅವಳೇ ತಾಯಿಗೆ ಕೊಂಡುಹೋದಳು. ಹಿಂದೆ ನಾನೂ ಹೋದೆ.

“ಅಮ್ಮ, ಫ್ಲಾಪಿಗೆ ಬೂಷ್ಟು ಹಿಡಿಯದ ಹಾಗೆ ನೋಡ್ತಿದ್ದೀಯಂತೆ?”

ಅತ್ತೆ ಗಾಬರಿಯಾಗಿ ಎದ್ದು ಕೂತರು. “ಎಂತ ಆಯ್ತು? ಹಿಡಿಯಿತಾ? ಒಂದು ದಿನ ಮಲಗಿದ್ದಕ್ಕೇ…”

“ಇಲ್ಲ, ಇಲ್ಲ. ಮೇಜಿನ ಕೆಳಗಿನ ಆ ಪೆಟ್ಟಿಗೆ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ. ನಂಬ್ಲಿಕ್ಕೆ ಆಗುದಿಲ್ಲ. ಬೇರೆ ಎಂತಾದರೂ ಉಪಾಯ ಹೇಳು ಅಂತ ಕೇಳ್ಲಿಕ್ಕೆ ಬಂದೆ.”

ಅತ್ತೆ ಗಂಜಿ ಗುಟುಕರಿಸುತ್ತಾ ಆಲೋಚಿಸಿ ನನ್ನ ಕಡೆ ತಿರುಗಿದರು. “ಬಿಸ್ಕತ್ತಿನ ಡಬ್ಬ ಖಾಲಿ ಉಂಟಲ್ಲ ಪ್ರೇಮಾ? ಅಕ್ಕಿ ಹುರಿದು, ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗೆ ಇಡು. ತೇವ ಎಲ್ಲ ಅದು ಎಳ್ಕೊಳ್ತದೆ. ನನ್ನ ಅಮ್ಮ ಕೇಸರಿ, ಕರ್ಪೂರ ಹಾಗೇ ಇಡ್ತಿದ್ದದ್ದು.”

“ನಿನ್ನ ಅಮ್ಮನಿಗೆ ಗೊತ್ತಿದ್ದದ್ದು ಮಂಗಳೂರಿನವರಿಗೆ ಗೊತ್ತಿಲ್ಲ,” ಎಂದಳು ಹರಿಣಾಕ್ಷಿ. ಅತ್ತೆಯ ಮುಖ ಹಿಗ್ಗಿತು. ಆ ದಿನವೇ ನಾನು ಅಕ್ಕಿ ಹುರಿದೆ.

ಇನ್ನೊಂದು ಫ್ಲಾಪಿಗೆ ಈ ಸಲ ನನ್ನ ಗಂಡ ರಜೆ ಹಾಕಿ ಮಂಗಳೂರಿಗೆ ಹೋದರು. ಬರುವಾಗ ಬಸ್ಸಿನ ಇಂಜಿನ್ನಿನಿಂದ ದೂರ ಇರಬೇಕೆಂದು ಕೊನೆಯ ಸೀಟಿನಲ್ಲಿ ಕೂತು ಹೊಂಡ ಹೊಂಡಕ್ಕೂ ಹಾರಿ ಸೊಂಟ ಹಿಡಿದುಕೊಂಡು ಬಂದರು. “ಫ್ಲಾಪಿ ಸರಿ ಉಂಟು. ನಾನು ರಿಪೇರಿಗೆ,” ಎಂದರು. ಬೆನ್ನಿಗೆ ಎಣ್ಣೆ ಹಚ್ಚುವ ಕೆಲಸ ನನಗೆ.

ಹೊಸ ಫ್ಲಾಪಿಗೆ ಕಂಪ್ಯೂಟರು ಎದ್ದಿತು. ಅದು ಮೊದಲೂ ಏಳುತ್ತಿತ್ತು. ನಮಗೆ ಬೇಕಾದದ್ದು ಕರೆಂಟ್ ಹೋಗುವುದು. ಇಡೀ ತಿಂಗಳು ಬೇಡ ಬೇಡ ಎಂದಾಗ ಹೋಗಿದ್ದ ಕರೆಂಟ್ ಈಗ ಹೋಗಲೊಲ್ಲದು. ಸೈನಬ ದಿನಾ ಬಂದು, “ಹರಿಣಕ್ಕ, ಇವತ್ತಾದರೂ ಹೋಗ್ಬಹುದಾ?” ಎಂದು ಕೇಳುತ್ತಿದ್ದಳು. ಕೊನೆಗೆ ಒಂದು ಸಂಜೆ ದೀಪ ಆರಿದಾಗ ಮನೆಯಿಡೀ “ಹೋಯ್ತು!” ಎಂದು ಕೂಗಿತು. ಪಕ್ಕದ ಮನೆಯವರು ಯಾರು ಹೋದದ್ದು ಎಂದು ಬೇಲಿಯ ಹತ್ತಿರ ಬಂದರು. ಹರಿಣಾಕ್ಷಿ ಫ್ಲಾಪಿ ತೆಗೆದು ಡಬ್ಬದಲ್ಲಿಟ್ಟಳು. ಅತ್ತೆ ಡಬ್ಬವನ್ನು ತಾವೇ ಮುಚ್ಚಿ ಗೋಡೆಯ ಕಪಾಟಿಗೆ ಸೇರಿಸಿದರು.

ಬೆಳಿಗ್ಗೆ ಎಲ್ಲರೂ ಕಾಫಿ ಲೋಟ ಹಿಡಿದು ಕೋಣೆಯಲ್ಲಿ ನಿಂತಿದ್ದೆವು. ಮಾವ ಕೂಡ. ಫ್ಲಾಪಿ ಒಳಗೆ ಹೋಯಿತು. ಕರಕರ ಎಂದಿತು. ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೆ ಒಂದು ಇಳಿದು ಬಂದವು. ಹರಿಣಾಕ್ಷಿ ಯಾರ ಮುಖವನ್ನೂ ನೋಡದೆ ಕುರ್ಚಿ ಎಳೆದು, “ಅಪ್ಪ, ನೀವು ಕೂತ್ಕೊಳ್ಳಿ ಒಮ್ಮೆ,” ಎಂದಳು.

“ನನಗೆಂತಕ್ಕೆ?”

“ಬೆರಳು ಇಡುವ ಜಾಗ ಎಲ್ಲ ಅದೇ.”

ಮಾವ ಕೂತರು. ಕೈ ಎತ್ತಿ, ಇಳಿಸಿ, ಕಣ್ಣು ಮುಚ್ಚಿದಂತೆ ಮಾಡಿ ಕುಟ್ಟತೊಡಗಿದರು. ಕೈ ಓಡಿದ್ದೇ ಓಡಿದ್ದು. ಸಾಲು ತುಂಬಿದಾಗ ಅಭ್ಯಾಸದಂತೆ ಎಡಗೈ ಮೇಲೆತ್ತಿ ಟೈಪ್ ಮಾಡುವಾಗ ಸಾಲು ಬದಲಿಸುವ, ಇಲ್ಲಿ ಇಲ್ಲದ ಹಿಡಿಯನ್ನು ಹುಡುಕಿದರು. ಗಾಳಿಯನ್ನು ತಳ್ಳಿದರು. ವನಿತಾ ಕಿಸಕ್ಕನೆ ನಕ್ಕಳು. ಮಾವನೂ ನಕ್ಕರು.

“ಹೊಡೆದದ್ದು ಕೇಳುವುದೇ ಇಲ್ಲವಲ್ಲ ಇದರಲ್ಲಿ,” ಎಂದರು. ಆದರೆ ಎದ್ದು ಬರಲಿಲ್ಲ. ಗಂಜಿ ಎರಡು ಸಲ ಬಿಸಿ ಮಾಡಬೇಕಾಯಿತು.

ಆ ಇಬ್ಬರು ಹುಡುಗಿಯರು ಸೇರಿದರು. ಅವರ ಮಾತು ಕೇಳಿ ಇನ್ನೂ ಕೆಲವರು ಬಂದರು. ಟೈಪಿಂಗಿನವರಿಗೆ ಮಾವ, ಕಂಪ್ಯೂಟರಿನವರಿಗೆ ಹರಿಣಾಕ್ಷಿ. ಕರೆಂಟ್ ಹೋದರೆ ಎಲ್ಲರೂ ಮಾವನ ಕಡೆ, ಬಂದರೆ ಎಲ್ಲರೂ ಹರಿಣಾಕ್ಷಿಯ ಕಡೆ. ಅವಳ ಮುಖ ತುಂಬಿಕೊಂಡಿತ್ತು. ನನಗೆ ಸಮಾಧಾನ. ಆಟಿ ಮುಗಿಯುವ ಮೊದಲೇ ಗೆದ್ದೆವು ಎಂದುಕೊಂಡೆ.

ಸೋಣ ಸಂಕ್ರಮಣ ಕಳೆದ ಭಾನುವಾರ ಸಂಕಪ್ಪಣ್ಣ ಬೆಳ್ತಂಗಡಿಯಿಂದ ಬಂದರು. ಊಟಕ್ಕೆ ಕೋಳಿ ಸಾರು, ನೀರುದೋಸೆ. ಎಲ್ಲರೂ ಸಾಲಾಗಿ ಕೂತಿದ್ದರು. ನಾನು ದೋಸೆ ಹೊಯ್ಯುತ್ತಿದ್ದೆ, ಹರಿಣಾಕ್ಷಿ ಬಡಿಸುತ್ತಿದ್ದಳು.

ಸಂಕಪ್ಪಣ್ಣ ಮೂಳೆ ಬದಿಗಿಟ್ಟು ಕೇಳಿದರು, “ಆಯ್ತು, ಆಟಿ ಮುಗಿಯಿತು. ಧರ್ಣಪ್ಪ ಎರಡು ಸಲ ಕೇಳಿದ. ಅವನ ಅಮ್ಮನೂ ಕೇಳಿದ್ರು. ಬರುವ ವಾರ ಕರ್ಕೊಂಡು ಬರ್ಲಾ?”

ಮಾವ ಕೈ ತಡೆದರು. ಮಗಳ ಕಡೆ ನೋಡಿ, ದೊಡ್ಡ ಮನಸ್ಸಿನವರ ಹಾಗೆ ನಕ್ಕರು. “ಬೇಡ ಸಂಕಪ್ಪ. ನಾನು ಮಾತು ಕೊಟ್ಟಿದ್ದೇನೆ. ಪೆಟ್ಟಿಗೆ ಓಡಿದರೆ ಬಾಯಿ ತೆರೆಯುದಿಲ್ಲ ಅಂತ. ಅದು ಓಡ್ತಾ ಉಂಟು. ಅವರಿಗೆ ಬೇರೆ ಕಡೆ ನೋಡ್ಲಿಕ್ಕೆ ಹೇಳು.”

“ಸರಿಯಾಗಿ ಆಲೋಚಿಸಿದ್ದೀರಾ?”

“ನೋಣಯ್ಯ ಹೇಳಿದ್ದು ಹೇಳಿದ್ದೇ.”

“ಒಳ್ಳೇದಾಯ್ತು,” ಎಂದರು ಅತ್ತೆ. “ನನ್ನ ಮಗಳು ನನ್ನ ಕಣ್ಣೆದುರೇ ಇರ್ತಾಳೆ.”

“ಇನ್ನು ಅವಳು ನಮ್ಮ ಮಾಸ್ಟ್ರಮ್ಮ,” ಎಂದರು ನನ್ನ ಗಂಡ. ನಾನೂ ಒಲೆಯ ಹತ್ತಿರದಿಂದ ನಕ್ಕೆ.

ಹರಿಣಾಕ್ಷಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಸಂಕಪ್ಪಣ್ಣನ ತಟ್ಟೆಗೆ ಸೌಟು ಬಗ್ಗಿಸಿದವಳು ಹಾಗೇ ನಿಂತಳು. ಸಾರು ತಟ್ಟೆ ತುಂಬಿ ನೆಲಕ್ಕೆ ಇಳಿಯಿತು.

“ಸಾಕು ಸಾಕು ಮಾರಾಯ್ತಿ, ಎಲ್ಲಿದ್ದೀ?” ಎಂದರು ಸಂಕಪ್ಪಣ್ಣ.

“ಸಂತೋಷಕ್ಕೆ,” ಎಂದರು ಅತ್ತೆ.

ಅವಳು ಒರೆಸುವ ಬಟ್ಟೆ ತರಲು ಒಳಗೆ ಬಂದಳು. ನನ್ನ ಪಕ್ಕದಲ್ಲೇ ಹಾದುಹೋದಳು. ಸಂತೋಷದ ಮುಖ ನನಗೆ ಗೊತ್ತು. ಅದು ಅಲ್ಲ. ನನ್ನ ಕಾವಲಿಯ ಮೇಲಿನ ದೋಸೆ ಸೀದು ಹೋಯಿತು. ಅವಳು ಹಿಂದೆ ಬಂದು, ಬಗ್ಗಿ ನೆಲ ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಮಾವ ಮಳೆಯ ಮಾತು ಎತ್ತಿದರು. ಸಂಕಪ್ಪಣ್ಣ ರಬ್ಬರಿನ ಮಾತು ಎತ್ತಿದರು.

ವನಿತಾ ಉಣ್ಣುವುದನ್ನು ನಿಲ್ಲಿಸಿದ್ದಳು.

“ಅಜ್ಜಾ,” ಎಂದಳು.

“ಉಣ್ಣುವಾಗ ಮಾತು—”

“ನಂದು ಉಂಡಾಯ್ತು ಅಜ್ಜ.” ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ನಾನು ಕಣ್ಣಲ್ಲೇ ಗದರಿಸಲು ಬಾಗಿಲಿಗೆ ಬಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅಜ್ಜನನ್ನೂ ಬಿಟ್ಟು, ನೆಲ ಒರೆಸುತ್ತಿದ್ದವಳ ಕಡೆ ತಿರುಗಿದಳು. ಎಲ್ಲರಿಗೂ ಕೇಳುವ ಹಾಗೆ, ಶಾಲೆಯಲ್ಲಿ ಎದ್ದು ನಿಂತು ಕೇಳುವ ದನಿಯಲ್ಲಿ ಕೇಳಿದಳು:

“ಹರಿಣತ್ತೇ, ನಿಮಗೆ ಅವರು ಬರ್ಬೇಕೂಂತ ಉಂಟಾ?”